ಮುಟ್ಟಬಾರದ ಏಳು ಗಡಿಯಾರಗಳು

ಟಕ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ, ಟಕ್.

ಗಲ್ಲಕ್ಕೆ ನೊರೆ ಹಚ್ಚಿಕೊಳ್ಳುತ್ತಿದ್ದ ಕನ್ನಡಕದಂಗಡಿಯವನು ಆ ಸದ್ದಿಗೆ ಕಿವಿಗೊಡಲಿಲ್ಲ. ನಾಲ್ಕೈದು ತಿಂಗಳಿಂದ ದಿನಾ ಬೆಳಿಗ್ಗೆ ಅಮ್ಮನ ಕೋಣೆಯ ಕಡೆಯಿಂದ ಕೇಳಿಬರುತ್ತಿತ್ತು ಅದು. ಅಮ್ಮ ಹಾಸಿಗೆಯಲ್ಲೇ ಕೂತು ಪದಬಂಧ ತುಂಬಿಸುತ್ತಾಳೆ, ಪೆನ್ನಿನ ಗುಂಡಿ ಒತ್ತುತ್ತಾಳೆ ಎಂದು ಅವನು ಎಂದೋ ತೀರ್ಮಾನಿಸಿಬಿಟ್ಟಿದ್ದ. ಅಲ್ಲದೆ ಈ ಭಾನುವಾರ ಅವನ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಹತ್ತು ಗಂಟೆಗೆ, ಊರಿನ ವಾಚು ರಿಪೇರಿಯವರಿಗೆಲ್ಲ ಗುರುವಾದ ಗಡಿಯಾರದ ಮೇಷ್ಟ್ರು ಮನೆಗೆ ಬರುವವರಿದ್ದರು.

"ಇವತ್ತಿಂದ ಈ ಊರಲ್ಲಿ ನನ್ನ ಸರಿಸಮ ಯಾರೂ ಇಲ್ಲ, ಬರೆದಿಟ್ಕೋ," ಎಂದು ಅವನು ಕನ್ನಡಿಯಲ್ಲೇ ಹೆಂಡತಿಗೆ ಹೇಳಿದ. ಹೆಂಡತಿ ಏನೂ ಬರೆದಿಟ್ಟುಕೊಳ್ಳದೆ ಟವೆಲ್ಲು ಕೊಟ್ಟು ಹೋದಳು.

ಅವನ ಬಳಿ ಏಳು ಗಡಿಯಾರಗಳಿದ್ದವು. ಏಳೂ ಹೊಳೆಯುವ ಉಕ್ಕಿನವು, ಏಳಕ್ಕೂ ಪಕ್ಕದಲ್ಲಿ ಎರಡೆರಡು ಗುಂಡಿ. ಮೇಲಿನದನ್ನು ಒತ್ತಿದರೆ ಉದ್ದನೆಯ ಮುಳ್ಳೊಂದು ಓಡತೊಡಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಮರಳುತ್ತದೆ. ಕಾರಿನ ಪಂದ್ಯಕ್ಕೆ, ಸಮುದ್ರದಾಳಕ್ಕೆ ಹೋಗುವವರಿಗೆಂದೇ ಮಾಡಿದ ಗಡಿಯಾರಗಳು. ಅವನು ಮಾತ್ರ ಅವನ್ನು ಉಸಿರು ತಾಗಿದರೂ ಕರಗುವ ಬೆಣ್ಣೆಯಂತೆ ಕಾಪಾಡುತ್ತಿದ್ದ. ಒಂದನ್ನೂ ಕೈಗೆ ಕಟ್ಟಿರಲಿಲ್ಲ, ಒಂದರ ಗುಂಡಿಯನ್ನೂ ಒತ್ತಿರಲಿಲ್ಲ. ವಾರಕ್ಕೊಮ್ಮೆ ಬಿಳಿ ಕೈಗವಸು ತೊಟ್ಟು ಬೀರು ತೆರೆದು, ಪೆಟ್ಟಿಗೆಯ ಗಾಜಿನ ಮುಚ್ಚಳದಿಂದಲೇ ದರ್ಶನ ಮುಗಿಸುತ್ತಿದ್ದ. ಯಾರಾದರೂ ಹತ್ತಿರ ಬಂದರೆ "ಮುಟ್ಬೇಡಿ, ಮುಟ್ಬೇಡಿ" ಎನ್ನುತ್ತಿದ್ದ. ಅಂಗಡಿಯವರು ಬೆನ್ನ ಹಿಂದೆ ಅವನಿಗೆ ಅದೇ ಹೆಸರಿಟ್ಟಿದ್ದರು: ಮುಟ್ಬೇಡಿ.

ಏಳರಲ್ಲಿ ಒಂದು, ಕಪ್ಪು ಮುಖದ್ದು, ಅವನ ಪಟ್ಟದರಸಿ. ಉಳಿದ ಆರು ನಿದ್ದೆ ಹೋದಂತೆ ನಿಂತಿದ್ದರೂ ಅದೊಂದು ಮಾತ್ರ ಯಾವಾಗ ನೋಡಿದರೂ ಓಡುತ್ತಲೇ ಇರುತ್ತಿತ್ತು. "ಮುಟ್ಟದೇನೇ ಓಡ್ತಿದೆ ನೋಡು, ಅದು ಹುಟ್ಟುಗುಣ," ಎಂದು ಹೆಂಡತಿಗೆ ತೋರಿಸಿದ್ದ. ಹೆಂಡತಿ ಆಗ ಕೆಮ್ಮು ಬಂದವಳಂತೆ ಅಡುಗೆಮನೆಗೆ ಓಡಿದ್ದಳು. ಆ ಪಟ್ಟದರಸಿಯನ್ನು ಪರೀಕ್ಷಿಸಿ 'ಯಾರೂ ಮುಟ್ಟದ ಗಡಿಯಾರ' ಎಂದು ಮೇಷ್ಟ್ರು ಒಂದು ಸಾಲು ಬರೆದುಕೊಟ್ಟರೆ ಸಾಕು, ಮುಂದಿನ ವಾರ ಸಂಗ್ರಾಹಕರ ಸಂಘದ ಪ್ರದರ್ಶನದಲ್ಲಿ ನಡುಮೇಜು ಅವನದು. ಅಂಗಡಿಗೆ ಕಣ್ಣು ತೋರಿಸಲು ಬಂದವರಿಗೆಲ್ಲ ಅವನು ಆಗಲೇ ಆಹ್ವಾನ ಕೊಟ್ಟಾಗಿತ್ತು.

ಕಾವಲಿನ ಏರ್ಪಾಡೂ ಅವನದೇ ಬುದ್ಧಿ. ಎಂಟು ತಿಂಗಳ ಹಿಂದೆ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ದಿನಾ ನಡೆಸಿ ಎಂದಿದ್ದರು. ಮಗ ಮಾತ್ರ, ನೀನು ಏಳಲೇಬೇಡ, ಏನು ಬೇಕಾದರೂ ಗಂಟೆ ಬಾರಿಸು ಎಂದು ದಿಂಬಿನ ಪಕ್ಕ ಹಿತ್ತಾಳೆಯ ಗಂಟೆ ಇಟ್ಟಿದ್ದ. ಏಳದವಳಿಗಿಂತ ನಂಬಿಕಸ್ಥ ಕಾವಲು ಬೇರೆ ಉಂಟೇ? ಬೀರುವನ್ನು ಅವಳ ಕೋಣೆಗೇ ಸಾಗಿಸಿ, ಕೀಲಿಕೈಯನ್ನು ಅವಳ ಹಾಸಿಗೆಯ ಕೆಳಗೇ ತೂರಿಸಿದ್ದ. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಮಕ್ಕಳನ್ನು ಓಡಿಸಿದ ಆಟದ ಟೀಚರು ಆಕೆ ಎಂಬುದನ್ನು ಮರೆತೇಬಿಟ್ಟಿದ್ದ.

ಮೇಷ್ಟ್ರು ಬಂದರು, ಕೂತರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಅವನು ಕೈಗವಸು ತೊಟ್ಟು ತಂದಿಟ್ಟ ಪಟ್ಟದರಸಿಯ ಬೆನ್ನಿಗೆ, ಹೊಸದಕ್ಕೆ ಗೀರು ಬೀಳದಂತೆ ಅಂಟಿಸುವ ತೆಳು ಹಾಳೆಯನ್ನು ಉಗುರಿನಿಂದ ಎತ್ತಿ ನೋಡಿದರು.

"ಇದು ಕಂಪನಿಯವರು ಅಂಟಿಸಿದ್ದಲ್ಲ," ಎಂದರು. "ಕೊಯ್ದ ಹಣ್ಣಿಗೆ ಸುತ್ತಿ ಫ್ರಿಜ್ಜಲ್ಲಿ ಇಡ್ತಾರಲ್ಲ, ಆ ಹಾಳೆ."

ಮೇಷ್ಟ್ರು ಗಡಿಯಾರದ ಕೈಪಟ್ಟಿಯನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಮಂಡಿನೋವಿನ ಮುಲಾಮು."

"ಮೇಷ್ಟ್ರೇ, ನನಗೆ ಮಂಡಿನೋವಿಲ್ಲ."

"ನಿಮ್ಮ ವಾಚಿಗಿದೆ. ಈ ಮೇಲಿನ ಗುಂಡಿ ನೋಡಿ, ಹೇಗೆ ಸವೆದು ಮಿಂಚ್ತಿದೆ. ಏನಿಲ್ಲ ಅಂದ್ರೂ ಸಾವಿರ ಸಲ ಒತ್ತಿದ್ದಾರೆ." ಎಂದವರೇ ಹೆಬ್ಬೆರಳಿನಿಂದ ಒತ್ತಿದರು.

ಟಕ್.

ಏಳು ಗಡಿಯಾರಗಳ ಒಡೆಯ ತನ್ನದೇ ಗಡಿಯಾರದ ಸದ್ದನ್ನು ಜೀವನದಲ್ಲಿ ಮೊದಲ ಸಲ ಕೇಳಿದ್ದ. ಮೊದಲ ಸಲ? ಇಲ್ಲ. ನಾಲ್ಕೈದು ತಿಂಗಳಿಂದ ದಿನಾ ಕೇಳಿದ್ದ.

"ಪದಬಂಧ," ಎಂದ.

"ಏನಂದ್ರಿ?" ಎಂದರು ಮೇಷ್ಟ್ರು.

ಅವನು ಹೆಂಡತಿಯ ಕಡೆ ತಿರುಗಿದ. ಬಾಗಿಲಲ್ಲಿ ನಿಂತಿದ್ದ ಅವಳು ಅಟ್ಟದ ಮೇಲಿನ ಜೇಡರಬಲೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಡಸಾಲೆಯಿಂದ ಸರ್, ಸರ್ ಎಂದು ಚಪ್ಪಲಿ ಎಳೆಯುವ ಸದ್ದು ಬಂತು. ಹಿಂದೆಯೇ ಅಮ್ಮ ಬಂದಳು. ಕೋಲಿಲ್ಲ, ಹಿಡಿದುಕೊಂಡವರಿಲ್ಲ. ಎರಡು ಬೆರಳು ಮಾತ್ರ ಗೋಡೆಗೆ ತಾಗಿದ್ದವು. ಹಣೆಯಲ್ಲಿ ಬೆವರು, ಕಣ್ಣಲ್ಲಿ ಪಂದ್ಯ ಗೆದ್ದ ಹುಡುಗಿಯ ಹೊಳಪು.

"ಎಷ್ಟಾಯ್ತೇ?" ಎಂದು ಏದುಸಿರಲ್ಲೇ ಸೊಸೆಯನ್ನು ಕೇಳಿದಳು.

"ವಾಚು ಇಲ್ಲಿದೆ, ಅತ್ತೆ."

"ಥೂ, ಹಾಗಾದ್ರೆ ಈ ಸಲದ್ದು ಲೆಕ್ಕಕ್ಕಿಲ್ಲ."

ಎಂಟು ತಿಂಗಳಿಂದ ತಾಯಿ ನಿಂತಿದ್ದನ್ನೇ ಕಾಣದ ಮಗ ಕುರ್ಚಿ ಉರುಳಿಸಿಕೊಂಡು ಓಡಿದ. "ಅಮ್ಮಾ, ಬೀಳ್ತೀಯ!" ಎಂದು ತೋಳು ಹಿಡಿಯಹೋದ. ಆಟದ ಟೀಚರು ಆ ಕೈಯನ್ನು ಪಟ್ಟನೆ ತಳ್ಳಿದಳು.

"ಮುಟ್ಬೇಡ."

ಅವನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

ಆಮೇಲೆ ಎಲ್ಲ ಹೊರಬಿತ್ತು. ಮೊದಲ ದಿನ ಹಾಸಿಗೆಯಿಂದ ಬಾಗಿಲಿಗೆ ಆರು ನಿಮಿಷ ಹಿಡಿದಿತ್ತಂತೆ. ಹಿಂದಿನ ದಿನ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಒಂದು ನಿಮಿಷ ನಾಲ್ಕು ಸೆಕೆಂಡು. ಅವನು ಸ್ನಾನಕ್ಕೆ ಹೋದಾಗಲೆಲ್ಲ ಅತ್ತೆ ಸೊಸೆ ಗಡಿಯಾರಕ್ಕೆ ಕೀ ಕೊಟ್ಟು ಪಂದ್ಯ ನಡೆಸುತ್ತಿದ್ದರು. ಫೋನಿನಲ್ಲಿ ಅಳೆಯಬಹುದಿತ್ತಲ್ಲ ಎಂದು ಅವನು ಕ್ಷೀಣವಾಗಿ ಕೇಳಿದ. ಫೋನು ಬೆರಳಿಗೆ ಟಕ್ ಅನ್ನುವುದಿಲ್ಲ, ಟಕ್ ಅನ್ನದಿದ್ದರೆ ತನ್ನ ಕಾಲು ಏಳುವುದಿಲ್ಲ ಎಂದಳು ಅಮ್ಮ.

"ಅದೂ ಸುಮ್ನೆ ಮಲಗಿತ್ತು, ನಾನೂ ಸುಮ್ನೆ ಮಲಗಿದ್ದೆ," ಎಂದು ಕುರ್ಚಿಯಲ್ಲಿ ಕೂತಳು. "ಇಬ್ರೂ ಸ್ವಲ್ಪ ಓಡಾಡಿದ್ವಿ. ಅದಕ್ಕೇನೀಗ?"

ಮೇಷ್ಟ್ರು ಕೆಮ್ಮಿದರು. ಮುಟ್ಟದ ಗಡಿಯಾರ ಎಂದು ತಾವು ಬರೆಯುವಂತಿಲ್ಲ ಎಂದರು. ಅದಕ್ಕಿಂತ ಚಿಂತೆ ಉಳಿದ ಆರರದ್ದು, ಓಡದೆ ಕೂತರೆ ಒಳಗಿನ ಎಣ್ಣೆ ಗಟ್ಟಿಯಾಗಿ ಹಲ್ಲುಚಕ್ರ ಹಿಡಿದುಕೊಳ್ಳುತ್ತದೆ, ಬದುಕಿರುವುದು ಇದೊಂದೇ ಎಂದು ಕಾಣುತ್ತದೆ ಎಂದೂ ಹೇಳಿದರು. ನಡುಮೇಜು ಕಣ್ಣೆದುರೇ ಕಾಲು ಮುರಿದು ಬಿತ್ತು. ಆದರೆ ಅವನು ನೋಡುತ್ತಿದ್ದುದು ಮೇಜನ್ನಲ್ಲ, ಅಮ್ಮನ ಚಪ್ಪಲಿಯನ್ನು. ಅದರ ಅಟ್ಟೆ ಸವೆದು ಹೋಗಿತ್ತು. ದಿನವಿಡೀ ಊರಿನವರ ಕಣ್ಣು ಪರೀಕ್ಷೆ ಮಾಡುವವನಿಗೆ ಅದು ಕಂಡಿರಲಿಲ್ಲ.

"ನಿಮಿಷದೊಳಗೆ ಬರಬೇಕು ನಾನು," ಎಂದು ಅಮ್ಮ ಮತ್ತೆ ಎದ್ದಳು. "ಹೋಗು, ಹೊರಬಾಗಿಲ ಹತ್ರ ನಿಂತ್ಕೋ. ಗುಂಡಿ ಒತ್ತೋಕಾದ್ರೂ ಬರುತ್ತಾ ನಿನಗೆ?"

"ಬರಲ್ಲಮ್ಮ."

"ಮೇಲಿಂದು ಓಡಿಸೋಕೆ, ನಿಲ್ಲಿಸೋಕೆ. ಕೆಳಗಿಂದು ಸೊನ್ನೆಗೆ. ಒಂದನೇ ಕ್ಲಾಸಿನ ಮಕ್ಕಳಿಗೂ ಬರುತ್ತೆ."

"ಹಾಗಾಗಿ ಆರನ್ನೂ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿ," ಎಂದು ಮೇಷ್ಟ್ರು ಇನ್ನೂ ಹೇಳುತ್ತಿದ್ದರು, "ಅದರಲ್ಲೂ ಆ ನೀಲಿ ಮುಖದ್ದು ಏನಾದ್ರೂ..."

ಅವನು ಬಿಳಿ ಕೈಗವಸುಗಳನ್ನು ಕಳಚಿ ಮೇಜಿನ ಮೇಲಿಟ್ಟ. ಮೇಷ್ಟ್ರ ಕೈಯಿಂದ ಪಟ್ಟದರಸಿಯನ್ನು ಬರಿಗೈಯಲ್ಲೇ ತೆಗೆದುಕೊಂಡು, ಅವರ ಮಾತು ಮುಗಿಯುವ ಮೊದಲೇ, ಪಡಸಾಲೆಯ ಆ ತುದಿಯ ಹೊರಬಾಗಿಲಿಗೆ ನಡೆದುಬಿಟ್ಟ.