ಡಬ್ಬಿಯೊಳಗಿನ ಟ್ಯಾಂಕು

ಬಾಗಲಕೋಟೆಯಲ್ಲಿ ನನ್ನದೊಂದು ಪೆನ್ನು, ಪುಸ್ತಕ, ಆಟಿಕೆ ಸಾಮಾನಿನ ಅಂಗಡಿ ಇತ್ತು. ಬಾಗಿಲು ತೆಗೆದು ಸುಮ್ಮನೆ ಕೂತರೂ ಸಾಕು, ನಗುವ ಪ್ರಸಂಗಗಳು ತಾವೇ ಮೆಟ್ಟಿಲು ಹತ್ತಿ ಬರುತ್ತಿದ್ದವು. ಕೆಲವು ಕಣ್ಣೀರನ್ನೂ ಜೊತೆಗೆ ಕರೆತರುತ್ತಿದ್ದವು.

೧. ಎಷ್ಟು ಕೊಡ?

ಸಾವಿರದೊಂಬೈನೂರ ಎಂಬತ್ತರ ಸುಮಾರಿಗೆ ಮುಂಬಯಿಯಿಂದ ಮೂರು ಡಬ್ಬಿ ತಂದೆ. ಒಳಗೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳು. ಅಂಟು ಹಚ್ಚಿ ಜೋಡಿಸಿದರೆ ಅಂಗೈ ಮೇಲೆ ನಿಲ್ಲುವಂಥ ಯುದ್ಧದ ಟ್ಯಾಂಕು. ಬಾಗಿಲ ಹಲಗೆಯ ಮೇಲೆ ‘ಟ್ಯಾಂಕ್ ಬಂದಿವೆ’ ಎಂದು ಬರೆದೆ. ಮೊದಲು ಬಂದವರು ಬಾದಾಮಿ ಕಡೆಯ ಒಬ್ಬ ರೈತರು.

“ಎಷ್ಟ ಕೊಡ ನೀರ ಹಿಡಸ್ತೈತ್ರಿ?”

ನಾನು ಡಬ್ಬಿ ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಹಳ ಗಂಭೀರವಾಗಿ ಹೇಳಿದರು: “ಇದರಾಗ ನಮ್ಮ ಎಮ್ಮಿ ಮೂತಿನೂ ಹಿಡ್ಸೂದಿಲ್ಲಲ್ರಿ!”

೨. ತೋಪಿನ ದಿಕ್ಕು

ಆ ವಾರವೇ ಹುನಗುಂದದಿಂದ ಒಬ್ಬ ಮಾಜಿ ಸೈನಿಕರು ಹೆಂಡತಿಯೊಂದಿಗೆ ಬಂದರು. ಎಪ್ಪತ್ತೊಂದರ ಪಾಕಿಸ್ತಾನ ಯುದ್ಧದಲ್ಲಿ ಟ್ಯಾಂಕು ನಡೆಸಿದವರು. ಎಡಗಿವಿ ಅಲ್ಲಿಯೇ ಕಿವುಡಾಗಿತ್ತು. ಲಡಾಯಿಯ ಮಾತು ಮಾತ್ರ ಮನೆಯಲ್ಲೂ ಎತ್ತಿದವರಲ್ಲ.

“ಇವರು ಎದರಾಗ ಕುಂತಿದ್ರು ಅನ್ನೂದನ್ನ ನಾ ಒಮ್ಮೆ ನೋಡಬೇಕ್ರಿ,” ಎಂದರು ಹೆಂಡತಿ.

ಮೂರೂ ಡಬ್ಬಿ ಮುಂದಿಟ್ಟೆ. ಮೊದಲನೆಯದರ ಚಿತ್ರ ನೋಡಿದ್ದೇ ಸೈನಿಕರು ಕೈ ಹಿಂದೆಗೆದರು.

“ಇದು ಬ್ಯಾಡ. ನಮ್ಮ ಮ್ಯಾಲ ಗುಂಡ ಹಾಕಿದ್ದು ಇಂಥಾದ್ದ.”

ಚಿತ್ರದಲ್ಲಿನ ತೋಪಿನ ನಳಿಗೆ ನನ್ನತ್ತ ಆಗುವಂತೆ ಹೆಂಡತಿ ಡಬ್ಬಿಯನ್ನು ಮೆಲ್ಲಗೆ ಹೊರಳಿಸಿದರು.

“ತೋಪು ನಿಮ್ಮ ಕಡಿ ಇರ್ಲಿರಿ ಅಣ್ಣಾರ. ಇವರಿಗೆ ಬಿದ್ದದ್ದು ಸಾಕು.”

೩. ಚಲೋ ಅಂಟು

ಎರಡನೆಯದರ ತೋಪು ಗಿಡ್ಡ ಎಂದು ಸೈನಿಕರು ಬದಿಗಿಟ್ಟರು. ಮೂರನೆಯದರ ಮೇಲೆ ಹೆಬ್ಬೆರಳು ಆಡಿಸಿದರು. “ಇದ ನೋಡು, ನಮ್ಮದು.”

ನಾನು ಹುರುಪಿನಿಂದ ಮುಚ್ಚಳ ತೆಗೆದೆ. ಗಾಲಿ, ತೋಪು, ತಗಡಿನಂಥ ಚೂರುಗಳು, ಎಲ್ಲ ಬಿಡಿಬಿಡಿ. ಅವರ ಮುಖ ಇಳಿಯಿತು.

“ಕಡೀಕ ನಮ್ಮ ಗಾಡಿನೂ ಹಿಂಗ ಆಗಿತ್ರಿ. ನಾ ಹೊರಗ ಬಂದೆ. ತೋಪ ಹಾರಸಾಂವ ಬರ್ಲಿಲ್ಲ. ಒಂದ ತಾಟಿನ್ಯಾಗ ಉಂಡಿದ್ದಿವಿ.”

ಆ ಗೆಳೆಯನ ಸುದ್ದಿಯನ್ನು ಹೆಂಡತಿಯೂ ಅಂದೇ ಕೇಳಿದ್ದು. ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿ ಮುಚ್ಚಿದರು. “ಒಯ್ದು ಇಬ್ರೂ ಕೂಡಸೂಣು ಬರ್ರಿ,” ಎಂದು ಗಂಡನಿಗೆ ಹೇಳಿ, ನನ್ನ ಕಡೆ ತಿರುಗಿದರು:

“ಅಂಟು ಚಲೋದ ಕೊಡ್ರಿ. ಸರಕಾರದ್ದು ತಡೀಲಿಲ್ಲ, ನಿಮ್ಮದಾದ್ರೂ ತಡೀಲಿ.”

೪. ರಿವರ್ಸ್ ಗೇರು

ಕೆಲವು ತಿಂಗಳ ಮೇಲೆ ಇಳಕಲ್ಲಿಗೆ ಹೊರಟವನು ಹುನಗುಂದದಲ್ಲಿಳಿದು ಅವರ ಮನೆಗೆ ಹೋದೆ. ಗೋಡೆಯ ಮಾಡದಲ್ಲಿ ಟ್ಯಾಂಕು ಸಿದ್ಧವಾಗಿ ನಿಂತಿತ್ತು. ಒಂದೊಂದು ಭಾಗ ಅಂಟಿಸುವಾಗಲೂ ಹೆಂಡತಿ ಕೇಳಿದ್ದರಂತೆ, ಅವರು ಹೇಳಿದ್ದರಂತೆ. ಆ ಕೇಳುವುದು ಇನ್ನೂ ಮುಗಿದಿರಲಿಲ್ಲ.

“ರೀ, ಇದಕ ರಿವರ್ಸ್ ಗೇರ್ ಇತ್ತೇನು?”

“ಇತ್ತು.”

“ಮತ್ತ ಆ ಮಂದಿ ಗುಂಡ ಹಾಕೂಮುಂದ ಹಿಂದಕ ಯಾಕ ತಗೀಲಿಲ್ಲ?”

ಸೈನಿಕರು ಟ್ಯಾಂಕನ್ನು ಎತ್ತಿ ಹಿಂದೆ ಮುಂದೆ ನೋಡಿದರು. ಭುಜ ನಡುಗತೊಡಗಿತು. ಅಳುತ್ತಿದ್ದಾರೆಂದು ನಾನು ಎದ್ದೇಬಿಟ್ಟೆ. ಅಳುವಲ್ಲ, ಕಣ್ಣಲ್ಲಿ ನೀರು ಬರುವಂಥ ನಗು.

“ಹೆಂಗ ತಗೀಲಿ? ಹಿಂದ ಸಾಹೇಬರ ಗಾಡಿ ಇತ್ತಲ್ಲ!”