ನಾನು ಹುಟ್ಟು ಕಾಯ್ದ ದಿನ

ಹಡಗಲಿಯಲ್ಲಿ ಇಪ್ಪತ್ತು ವರ್ಷಗಳಿಂದ ಕರಿ ಕೋಟು ಹಾಕುತ್ತಿರುವ ನನಗೆ ಯಾವ ನ್ಯಾಯಾಧೀಶರ ಭಯವೂ ಇಲ್ಲ. ಭಯವಿರುವುದು ಎರಡರದೇ: ಒಂದು ಹೊಳೆ, ಇನ್ನೊಂದು ನನ್ನ ಹೆಂಡತಿ ಶಾರದೆ. ಇವೆರಡೂ ಒಂದೇ ದಿನ ಎದುರಾಗದಂತೆ ಬಹಳ ಎಚ್ಚರದಿಂದ ಬಾಳಿದವನು ನಾನು. ಆದರೆ ಶಾರದೆಯ ತವರು ತುಂಗಭದ್ರೆಯ ಆಚೆ ದಂಡೆಯಲ್ಲಿದೆ. ಕಳೆದ ವರ್ಷ ಆ ಊರಿನವರು, ಕುಡಿದು ದೋಣಿ ನಡೆಸಿದರೆ ಏನೇನು ಶಿಕ್ಷೆ ಎಂದು ತಿಳಿಸಿಕೊಡಲು ಊರಿನ ಅಳಿಯನಾದ ನಾನೇ ಬರಬೇಕೆಂದು ಹಟ ಹಿಡಿದರು. ಶಾರದೆ ಹಿಗ್ಗಿ ಹೀರೇಕಾಯಿಯಾದಳು.

ಭಾಷಣವೇನೋ ಬಾಯಿಪಾಠ. ಬೇಜವಾಬ್ದಾರಿಯಿಂದ ದೋಣಿ ನಡೆಸಿ ಜನರ ಜೀವಕ್ಕೆ ಅಪಾಯ ತಂದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಯಾರಾದರೂ ಸತ್ತರೆ ಮಾತು ಇನ್ನೂ ದೂರ ಹೋಗುತ್ತದೆ. ನನ್ನ ಚಿಂತೆ ಅದಲ್ಲ, ಹೊಳೆ ದಾಟುವುದು. ಧೈರ್ಯಕ್ಕೆಂದು ಅವತ್ತು ಬೆಳಿಗ್ಗೆ ಗೆಳೆಯನ ಮನೆಗೆ ಹೋಗಿ ಒಂದೇ ಒಂದು ಗುಟುಕೆಂದು ಶುರು ಮಾಡಿದೆ. ಗ್ಲಾಸು ಖಾಲಿಯಾದಾಗ ನೆನಪಾಯಿತು, ಕುಡಿತ ಬಿಟ್ಟೆನೆಂದು ಎರಡು ವರ್ಷದ ಹಿಂದೆ ಶಾರದೆಯ ತಲೆ ಮುಟ್ಟಿ ಆಣೆ ಮಾಡಿದ್ದೆ. ಆರು ಏಲಕ್ಕಿ ಜಗಿದು ಅವಳ ಜೊತೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ನನ್ನ ಮುಖ ಕಿಟಕಿಯ ಕಡೆಗೇ ಇತ್ತು.

ಹೊಳೆಯ ದಂಡೆಯಲ್ಲಿ ಅಂಬಿಗರ ಮೈಲಪ್ಪ ಬಿದಿರಿನ ದುಂಡು ಹರಿಗೋಲು ಇಳಿಸಿದ್ದ. ಶಾರದೆಯೂ ನಾಲ್ಕೈದು ಹೆಂಗಸರೂ ಹತ್ತಿ ಕೂತರು. ನಾನು ಕಾಲೆತ್ತುವಷ್ಟರಲ್ಲಿ ಮೈಲಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಯಾಲಕ್ಕಿ ಘಮ ಭಾಳ ಐತ್ರಿ ಸಾಹೇಬ್ರ. ಒಂದ್ ದಾಟು ತಡದು ಬರ್ರಿ."

ನಾನೂ ದನಿ ತಗ್ಗಿಸಿ ವಾದಿಸಿದೆ. ಅಪರಾಧವಾಗುವುದು ನಡೆಸುವವನು ಕುಡಿದಿದ್ದರೆ, ನಾನು ಬರೀ ಪ್ರಯಾಣಿಕ, ಕೂತು ಹೋಗುವವನು.

"ಕಾನೂನು ನಿಮಗ ಗೊತ್ತು. ಆದ್ರ ನಡು ಹೊಳ್ಯಾಗ ಸೆಳವು ಬಂತಂದ್ರ ಎರಡನೇ ಹುಟ್ಟು ಯಾರ ಕೈಗೆ ಬರತೈತೋ ನಮಗ ಗೊತ್ತಿಲ್ರಿ. ಹರಿಗೋಲದಾಗ ಕುಂತಾವ್ರೆಲ್ಲ ನಡಸಾವ್ರ."

ನನ್ನ ಯಾವ ಪುಸ್ತಕದಲ್ಲೂ ಇಷ್ಟು ಚೊಕ್ಕ ಮಾತಿಲ್ಲ. ಎತ್ತಿದ ಕಾಲನ್ನು ಕೆಳಗಿಟ್ಟೆ. ಆಮೇಲೆ ಆತ ಮಾಡಿದ್ದು ನೋಡಿ. ಹಳೆಯದೊಂದು ಹುಟ್ಟನ್ನು ನನ್ನ ಕೈಗಿಟ್ಟು, ಎಲ್ಲರಿಗೂ ಕೇಳುವಂತೆ, "ವಕೀಲ್ರು ಈ ಹುಟ್ಟು ನೋಡ್ಕೋತಾರ, ಆಮ್ಯಾಲೆ ಬರತಾರ," ಎಂದ. ಹೆಂಡತಿಯ ಎದುರು ನನ್ನ ಮರ್ಯಾದೆ ಉಳಿಸಿದ ಆ ಮಹಾನುಭಾವನ ಕಾಲಿಗೆ ಬೀಳೋಣವೆನಿಸಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡದ್ದನ್ನು ನಾಚಿಕೆ ಎಂದುಕೊಂಡೆ. ಬೇವಿನ ಮರದಡಿ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ದಂಡನಾಯಕನಂತೆ ಎರಡು ತಾಸು ಕೂತೆ. ಆಚೆ ದಂಡೆಯಲ್ಲಿ ಸೇರಿದ್ದ ಬೀಗರೆಲ್ಲ ಕೈ ಬೀಸಿದರು. ನಾನೂ ಹುಟ್ಟನ್ನೇ ಎತ್ತಿ ಬೀಸಿದೆ.

ತಲೆ ತಿಳಿಯಾದ ಮೇಲೆ ಮೈಲಪ್ಪ ನನ್ನನ್ನು ದಾಟಿಸಿದ. ಸಭೆ ಮುಗಿದು ಜನ ಚಹಾ ಕುಡಿಯುತ್ತಿದ್ದರು. "ಭಾಷಣ?" ಎಂದೆ.

ಮಾವನವರು ತಣ್ಣಗೆ ಹೇಳಿದರು: "ಅಲ್ಲಿಂದ್ಲೇ ಮಾಡಿದ್ರಲ್ರಿ, ಎಲ್ಲಾರೂ ನೋಡಿದ್ರು. ನಮ್ಮ ಹೊಳಿಯಾಗ ಕುಡುದು ಬಂದಾವನ್ನ ಬೈಯಂಗಿಲ್ಲ, ಬಡಿಯಂಗಿಲ್ಲ. ಹುಟ್ಟು ಕೊಟ್ಟು ಬೇವಿನ ಮರದ ಕೆಳಗ ಕುಂದ್ರಸ್ತೀವಿ. ಹೋದ ಹಬ್ಬದಾಗ ಮೈಲಪ್ಪನೂ ತಾನಾಗೇ ಹೋಗಿ ಕುಂತಿದ್ದ."

ಆರು ತಿಂಗಳ ಜೈಲು ಇದಕ್ಕಿಂತ ಹಗುರ ಎನಿಸಿತು. ಆದರೂ ಪೊಲೀಸರಿಲ್ಲದೆ, ವಕೀಲರಿಲ್ಲದೆ ಇಂಥ ಕಾನೂನು ನಡೆಸುತ್ತಿರುವ ಜನರ ಮೇಲೆ ನನಗೆ ಆ ಕ್ಷಣದಲ್ಲೂ ಗೌರವವೇ ಹುಟ್ಟಿತು. ಶಾರದೆಯ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಇದೇ ದಂಡೆಯಲ್ಲಿ. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಜೆ ಮರಳುವಾಗ ನಡು ಹೊಳೆಯಲ್ಲಿ ಗಾಳಿ ಎದ್ದಿತು. ಶಾರದೆ ಸೆರಗು ಸಿಕ್ಕಿಸಿ ಎರಡನೇ ಹುಟ್ಟು ಹಿಡಿದಳು. ಮದುವೆಯಾಗಿ ಹದಿನೆಂಟು ವರ್ಷವಾದರೂ ಅವಳಿಗೆ ಈ ವಿದ್ಯೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಭಯ ಮರೆತು ಅವಳನ್ನೇ ನೋಡಿದೆ. ಕೊನೆಗೆ ತಡೆಯಲಾರದೆ, "ಕೊಡು, ಸ್ವಲ್ಪ ನಾನು ಹಿಡೀತೀನಿ," ಎಂದೆ.

ಅವಳು ಬೆಳಗಿನಿಂದ ನನ್ನೊಡನೆ ಆಡಿದ ಮೊದಲ ಮಾತು ಅದು:

"ಬ್ಯಾಡ್ರಿ. ಮುಂಜಾನಿಂದ ಹುಟ್ಟು ಹಿಡದು ದಣದೀರಿ, ಕುಂದರ್ರಿ."