ಪಿಳ್ಳಮ್ಮನ ಹಿತ್ತಾಳೆ ಡಬ್ಬಿ

ಶೀಶೆಯ ಮುಚ್ಚಳ ಬಿರುಕು ಬಿಟ್ಟದ್ದೇ ಎಲ್ಲಕ್ಕೂ ಮೂಲ. ಮಳೆಗಾಲದ ತೇವಕ್ಕೆ ತನ್ನ ಸಂಶೋಧನೆಯ ಪುಡಿ ಕೆಟ್ಟೀತೆಂದು ಹೆದರಿದ ಮುನೀಂದ್ರ, ಅಮ್ಮ ಪಿಳ್ಳಮ್ಮನ ದೇವರಗೂಡಿನಲ್ಲಿದ್ದ ಹಿತ್ತಾಳೆ ಡಬ್ಬಿಯನ್ನು ಒರೆಸಿ, ಪುಡಿಯನ್ನು ಅದಕ್ಕೆ ಸುರಿದುಕೊಂಡು ದೊಡ್ಡಬಳ್ಳಾಪುರದ ಹತ್ತಿರದ ತನ್ನೂರು ವಿಜಯಪುರದಲ್ಲಿ ಬಸ್ಸು ಹತ್ತಿದ. ಅಮ್ಮ ಕೊರೊನಾದಲ್ಲಿ ಹೋಗಿದ್ದಳು. ಅದೇ ಕೊರೊನಾ ಇವನ ಮೂಗನ್ನೂ ಕೆಡಿಸಿತ್ತು. ಅಂದಿನಿಂದ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ.

ಪುಡಿ ಸಾಮಾನ್ಯದ್ದಲ್ಲ. ರಂಜಕ, ಸಾರಜನಕದ ಪರಮಾಣುಗಳು ಕೈಕೈ ಹಿಡಿದು ಉಂಗುರವಾಗಿ ಕೂತ ವಸ್ತು. ತಣಿಸುತ್ತ ಲೇಸರ್ ಬಿಟ್ಟರೆ ಉಂಗುರಗಳ ನಡುಕ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಹರಳಿನೊಳಗೆ ಅವು ಜಾಗ ಬದಲಿಸಿದರೆ ಗೆರೆಯೂ ಬದಲಾಗುತ್ತದೆ. ಆ ಬದಲಾವಣೆಗಾಗಿ ಅವನು ವರ್ಷಗಟ್ಟಲೆ ಹೆಣಗಿದ್ದ. ಪಿಎಚ್.ಡಿ. ಗಡುವು ಈ ತಿಂಗಳಿಗೆ ಮುಗಿಯುತ್ತಿತ್ತು. ದೊಡ್ಡಬಳ್ಳಾಪುರದ ಅವನ ಕಾಲೇಜಿಗೆ ಎರವಲು ಬಂದಿದ್ದ ಆ ಲೇಸರ್ ಯಂತ್ರ ಸಂಜೆಗೇ ವಾಪಸ್ಸು. "ನನ್ ಮಗ ಡಾಕ್ಟ್ರಾಗ್ತಾನೆ" ಎಂದು ಊರಿಗೆಲ್ಲ ಸಾರಿದ್ದ ಅಮ್ಮನ ಮಾತು ಇವತ್ತೇ ಉಳಿಯಬೇಕಿತ್ತು.

ಬೆಳಗಿನಿಂದಲೂ ಗ್ರಹಚಾರ. ಅಟೆಂಡರ್ ಅನುಸೂಯಮ್ಮ ಬಂದವಳೇ ಚಪ್ಪಲಿ ಬಿಟ್ಟು ಯಂತ್ರಕ್ಕೆ ಕೈಮುಗಿದಳು.

"ಒಳ್ಳೇ ಕೆಲ್ಸ ಮಾಡಿದ್ರಿ ಸಾ!"

ಏನು ಒಳ್ಳೆಯ ಕೆಲಸವೆಂದು ಇವನಿಗೆ ತಿಳಿಯಲಿಲ್ಲ. ಪ್ರಿನ್ಸಿಪಾಲ್ ಹನುಮಂತರಾಯಪ್ಪ ಕತ್ತಲಾಗಿರಬೇಕಿದ್ದ ಕೋಣೆಯಲ್ಲಿ ಸೆಲ್ಫಿಗೆಂದು ಲೈಟು ಹಾಕಿಸಿ ಮೊದಲ ಅಳತೆ ಕೆಡಿಸಿದರು. ಎರಡನೆಯದಕ್ಕೆ ಕರೆಂಟೇ ಹೋಯಿತು.

ಕರೆಂಟು ಬಂದ ಮೇಲೆ ಮೂರನೆಯ ಅಳತೆಯಲ್ಲಿ, ಇನ್ನೇನು ಕೈಚೆಲ್ಲಬೇಕು ಅನ್ನುವಾಗ ಒಂದು ಗೆರೆ ತಟ್ಟನೆ ಒಡೆದು ಎರಡಾಯಿತು. ಬೆಚ್ಚಗಾದರೆ ಕೂಡಿತು, ತಣಿಸಿದರೆ ಮತ್ತೆ ಒಡೆಯಿತು.

"ಬಂತು! ಬಂತು!" ಮುನೀಂದ್ರ ಮಗುವಿನಂತೆ ಕುಣಿದ.

"ಇನ್ಮೇಲೆ ನೀನು ಡಾಕ್ಟ್ರೇ ಬಿಡಪ್ಪಾ!" ಹನುಮಂತರಾಯಪ್ಪ ಹಾರ ತರಿಸಿ ಹಾಕಿದರು, ಪೇಪರಿನವರಿಗೆ ಫೋನೂ ಮಾಡಿದರು. ಹಾರದೊಳಗೆ ಮುಖ ಮುಚ್ಚಿಕೊಂಡು ಮುನೀಂದ್ರ ಅಮ್ಮನನ್ನು ನೆನೆದು ಅತ್ತ.

ಯಂತ್ರದ ಜೊತೆ ಬಂದಿದ್ದ ವಿಜ್ಞಾನಿ ಅಕ್ಷತ ಮಾತ್ರ ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

"ಸರ್, ಇದು ನಿಮ್ಮ ಉಂಗುರದ ಗೆರೆ ಅಲ್ಲ. ಕರ್ಪೂರದ್ದು. ತಣ್ಣಗಾದ್ರೆ ಅದು ಹೀಗೆ ಬದಲಾಗೋದು ನಮ್ಮಜ್ಜನ ಕಾಲದಿಂದ್ಲೂ ಗೊತ್ತಿರೋದೇ."

"ಇಲ್ಲಿ ಕರ್ಪೂರ ಎಲ್ಲಿಂದ ಬರುತ್ತೆ?"

"ನೀವು ಬಂದಾಗ್ಲಿಂದ ಘಮ್ ಅಂತೈತಲ್ಲ ಸಾ!" ಅಂದಳು ಅನುಸೂಯಮ್ಮ. "ಮಿಷಿನ್ಗೆ ಪೂಜೆ ಮಾಡಿದೀರ ಅಂದ್ಕಂಡೆ."

"ನಾನೂ ಹಂಗೇ ಅಂದ್ಕೊಂಡೆ ಕಣಪ್ಪಾ," ಅಂದರು ಹನುಮಂತರಾಯಪ್ಪ.

"ನಾನೂ..." ಅಕ್ಷತ ತಲೆ ತಗ್ಗಿಸಿದಳು.

ಮುನೀಂದ್ರ ಡಬ್ಬಿಯನ್ನೇ ನೋಡಿದ. ಜೀವಮಾನವೆಲ್ಲ ಅಮ್ಮ ಕರ್ಪೂರ ಇಟ್ಟದ್ದು ಅದರಲ್ಲೇ.

ಯಂತ್ರ ವ್ಯಾನು ಹತ್ತಿ ಹೋಯಿತು. ಬಸ್ಸಿನಲ್ಲಿ ಅವನು, ಹಾರ ತೆಗೆಯುವುದನ್ನೂ ಮರೆತು, ಡಬ್ಬಿಯನ್ನು ಮೂಗಿಗೆ ಒತ್ತಿಕೊಂಡು ಉಸಿರೆಳೆದ. ಮತ್ತೆ ಎಳೆದ.

"ಎಷ್ಟ್ ಚೆನ್ನಾಗೈತಪ್ಪಾ ವಾಸ್ನೆ! ಯಾವ್ ದೇವಸ್ಥಾನಕ್ಕೆ ಹೋಗಿದ್ದೆ?" ಕೇಳಿದಳು ಪಕ್ಕದ ಸೀಟಿನ ಮುದುಕಿ.

ಅವನ ಮೂಗಿಗೆ ಏನೂ ತಿಳಿಯಲಿಲ್ಲ. ಅಮ್ಮ ಬಸ್ಸಿನವರಿಗೆಲ್ಲ ಸಿಕ್ಕಿದ್ದಳು, ಅವನೊಬ್ಬನನ್ನು ಬಿಟ್ಟು.